ಎರಡು ಲಕ್ಷ ಎಣಿಸಲಾರದ ಗಣಕ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ ಬಿಟ್ಟು ರಾಣೆಬೆನ್ನೂರಿನತ್ತ ಹೊರಟರೆ ನಡುವೆ ಸಿಗುವ ಊರು ಮೋಟೆಬೆನ್ನೂರು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ಹೆಜ್ಜೆ ಹಾಕಿದ ಮೈಲಾರ ಮಹಾದೇವಪ್ಪನವರ ಊರು ಎಂದರೆ ಹಿರಿಯರಿಗೆ ಥಟ್ಟನೆ ನೆನಪಾದೀತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುವ ಲಾರಿಗಳು ಇಲ್ಲಿ ಹೆದ್ದಾರಿ ಬಿಟ್ಟು ಹೊರಳುತ್ತವೆ. ಸುಗ್ಗಿಯ ದಿನಗಳಲ್ಲಿ ಇಲ್ಲಿನ ಗಾಳಿಗೂ ಒಂದಿಷ್ಟು ಘಾಟು ಇರುತ್ತದೆ.

ಈ ಊರಲ್ಲಿ ನಮ್ಮ ಬೀಗರ ಮನೆ. ಹೋದ ಸುಗ್ಗಿಯಲ್ಲಿ ಒಂದು ರಾತ್ರಿ ಅಲ್ಲಿ ತಂಗಿದ್ದೆ. ಮನೆಯ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ, ಕಂಪ್ಯೂಟರ್ ವಿಭಾಗ. ಊಟ ಮುಗಿಸಿ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕುಳಿತ ಹುಡುಗನ ಮುಖ ಸಪ್ಪಗಿತ್ತು. ಅವನಿಗಿಂತ ಅವನ ತಂದೆಯ ಮುಖ ಇನ್ನೂ ಸಪ್ಪಗಿತ್ತು.

“ನೋಡ್ರಿ ಬೀಗರ, ಎರಡು ಲಕ್ಷ ಎಣಿಸು ಅಂದ್ರ ಈ ಯಂತ್ರ ಒಮ್ಮಿ ಒಂದು ಲಕ್ಷ ಎಂಬತ್ತು ಸಾವಿರ ಅಂತೈತಿ, ಮತ್ತೊಮ್ಮಿ ಒಂದು ಲಕ್ಷ ಮೂವತ್ತು ಸಾವಿರ ಅಂತೈತಿ. ನಲವತ್ತು ಸಾವಿರ ಕೊಟ್ಟು ತಂದದ್ದರೀ ಇದು. ದಲಾಲಿ ಅಂಗಡ್ಯಾಗ ಗುಮಾಸ್ತ ಹಿಂಗ ಲೆಕ್ಕಾ ಕೊಟ್ಟಿದ್ರ ಸುಮ್ಮನ ಬಿಡ್ತಿದ್ದೆನೇನ್ರಿ?”

ಹುಡುಗ ಬರೆದದ್ದು ಚಿಕ್ಕ ಪ್ರೋಗ್ರಾಂ. ಒಂದು ಸಂಖ್ಯೆ ಸೊನ್ನೆಯಿಂದ ಶುರು. ಎರಡು ‘ಎಳೆ’ಗಳು, ಅಂದರೆ ಏಕಕಾಲಕ್ಕೆ ನಡೆಯುವ ಎರಡು ಕೆಲಸಗಳು, ತಲಾ ಒಂದು ಲಕ್ಷ ಸಲ ಅದಕ್ಕೆ ಒಂದೊಂದನ್ನು ಕೂಡಿಸಬೇಕು. ಕೊನೆಗೆ ಎರಡು ಲಕ್ಷ ಬರಬೇಕು, ಬರುತ್ತಿಲ್ಲ. ಪ್ರತಿ ಸಲ ಬೇರೆ ಬೇರೆ ಉತ್ತರ. ತಪ್ಪು ಎಲ್ಲಿದೆ ನೋಡೋಣವೆಂದು ಅವನು ಪ್ರತಿ ಹೆಜ್ಜೆಗೂ ಸಂಖ್ಯೆಯನ್ನು ಪರದೆಯ ಮೇಲೆ ಮುದ್ರಿಸುವ ಸಾಲೊಂದನ್ನು ಸೇರಿಸಿದ. ಆಗ ನೋಡಿದರೆ ಉತ್ತರ ಸರಿ! ಸಾಲು ತೆಗೆದ, ಮತ್ತೆ ತಪ್ಪು. ಮಾಸ್ತರು ಬಂದಾಗ ಮಾತ್ರ ಸದ್ದಡಗಿಸಿ ಕೂರುವ ತರಗತಿಯಂತೆ. ಹುಡುಗ ಯಂತ್ರವೇ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬಂದಿದ್ದ.

ಯಂತ್ರ ಕೆಟ್ಟಿರಲಿಲ್ಲ. ಗಣಕ ವಿಜ್ಞಾನದಲ್ಲಿ ‘ರೇಸ್ ಕಂಡಿಷನ್’ ಎಂದು ಕರೆಯುವ ದೋಷವನ್ನು ಅವನು ಅರಿಯದೆಯೇ ಮನೆಗೆ ಕರೆತಂದಿದ್ದ. ಕನ್ನಡದಲ್ಲಿ ಪೈಪೋಟಿ ದೋಷ ಎನ್ನೋಣ. ಪ್ರಪಂಚದ ಅತಿ ಬುದ್ಧಿವಂತ ಪ್ರೋಗ್ರಾಮರುಗಳು ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ದಾರೆ. ಅವರಲ್ಲಿ ಕೆಲವರು ನಮ್ಮ ಬೆಂಗಳೂರಿನಲ್ಲೇ ಕುಳಿತು ಕೆಲಸ ಮಾಡಿದವರು.

ಇಬ್ಬರು ಗುಮಾಸ್ತರು, ಒಂದು ಹಲಗೆ

ತಂದೆಗೆ ಪೇಟೆಯ ಭಾಷೆಯಲ್ಲೇ ಹೇಳಬೇಕಾಯಿತು. ಅಂಗಡಿಯ ಮುಂದೆ ಕರಿಹಲಗೆ. ಅದರ ಮೇಲೆ ‘100 ಚೀಲ’ ಎಂದು ಬರೆದಿದೆ. ಎರಡು ಬಾಗಿಲಲ್ಲಿ ಇಬ್ಬರು ಗುಮಾಸ್ತರು. ಇವನ ಬಾಗಿಲಿಗೆ ಒಂದು ಚೀಲ ಬಂತು. ಹಲಗೆ ನೋಡಿದ, ನೂರು. ಮನಸ್ಸಿನಲ್ಲೇ ಒಂದು ಕೂಡಿಸಿ, ನೂರಾ ಒಂದು ಎಂದುಕೊಂಡು, ಸುಣ್ಣದ ಕಡ್ಡಿ ಹುಡುಕಲು ಜೇಬಿಗೆ ಕೈಹಾಕಿದ. ಅಷ್ಟರಲ್ಲಿ ಅವನ ಬಾಗಿಲಿಗೂ ಒಂದು ಚೀಲ. ಅವನೂ ಹಲಗೆ ನೋಡಿದ, ಇನ್ನೂ ನೂರೇ ಇದೆ. ಅವನೂ ನೂರಾ ಒಂದು ಎಂದುಕೊಂಡ. ಇಬ್ಬರೂ ಬರೆದರು. ಬಂದದ್ದು ಎರಡು ಚೀಲ, ಹಲಗೆಯ ಮೇಲೆ ಏರಿದ್ದು ಒಂದೇ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಲೆಕ್ಕವೂ ಸರಿ. ತಪ್ಪಿರುವುದು ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಆ ಒಂದು ಕ್ಷಣದಲ್ಲಿ.

ಗಣಕವೂ ಹೀಗೆಯೇ. ‘ಒಂದು ಕೂಡಿಸು’ ಎಂದು ನಾವು ಒಂದೇ ಸಾಲಿನಲ್ಲಿ ಬರೆದರೂ ಒಳಗೆ ಅದು ಮೂರು ಹೆಜ್ಜೆ: ಮೆಮೊರಿಯಿಂದ ಸಂಖ್ಯೆ ಓದು, ಒಂದು ಕೂಡಿಸು, ಮರಳಿ ಬರೆ. ಇಂದಿನ ಸಾಧಾರಣ ಫೋನಿನಲ್ಲೂ ಎಂಟು ಸಂಸ್ಕಾರಕಗಳಿರುವುದು ಮಾಮೂಲು. ಎಂಟು ಬಾಗಿಲು, ಎಂಟು ಗುಮಾಸ್ತರು, ಒಂದೇ ಹಲಗೆ! ಪರದೆಯ ಮೇಲೆ ಮುದ್ರಿಸುವ ಕೆಲಸ ನಿಧಾನದ್ದು. ಆ ಸಾಲು ಸೇರಿದಾಗ ಗುಮಾಸ್ತರ ಹೆಜ್ಜೆಗಳ ತಾಳ ಬದಲಾಗಿ, ಒಬ್ಬರ ಕಾಲಿಗೆ ಒಬ್ಬರು ತೊಡರುವುದು ತಪ್ಪಿತ್ತು. ಹುಡುಗನಿಗೆ ದೋಷ ಮಾಯವಾದಂತೆ ಕಂಡದ್ದು ಅದಕ್ಕೇ.

ಚೀಲದ ಲೆಕ್ಕ ತಪ್ಪಿದರೆ ಮತ್ತೆ ಎಣಿಸಬಹುದು. ಆದರೆ ಇದೇ ದೋಷ ಪ್ರಾಣ ತೆಗೆದದ್ದೂ ಉಂಟು. ಥೆರಾಕ್-25 ಎಂಬುದು ಕೆನಡಾದಲ್ಲಿ ತಯಾರಾದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ ಯಂತ್ರ. 1985ರಿಂದ 1987ರ ನಡುವೆ ಅದು ಆರು ಮಂದಿಗೆ ಮಿತಿಮೀರಿದ ವಿಕಿರಣ ಹರಿಸಿತು. ಕೆಲವರು ಅದರಿಂದಲೇ ತೀರಿಕೊಂಡರು. ಅಮೆರಿಕದ ಟೆಕ್ಸಾಸ್‌ನ ಟೈಲರ್ ಪಟ್ಟಣದ ಆಸ್ಪತ್ರೆಯಲ್ಲಿ 1986ರಲ್ಲಿ ಎರಡು ಅವಘಡಗಳಾದ ಮೇಲೆ, ಅಲ್ಲಿನ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಮತ್ತು ಯಂತ್ರ ನಡೆಸುತ್ತಿದ್ದ ಮಹಿಳೆ ಹಟ ಹಿಡಿದು ಕುಳಿತು ಅದನ್ನು ಪತ್ತೆ ಮಾಡಿದರು. ಆಕೆ ಅನುಭವಸ್ಥೆ, ಬೆರಳುಗಳು ಚುರುಕು. ತಪ್ಪಾಗಿ ಒತ್ತಿದ ಅಕ್ಷರವನ್ನು ಎಂಟು ಸೆಕೆಂಡಿನೊಳಗೆ ತಿದ್ದಿಬಿಟ್ಟರೆ ಮಾತ್ರ ತಂತ್ರಾಂಶದ ಒಂದು ಭಾಗಕ್ಕೆ ಆ ತಿದ್ದುಪಡಿ ತಿಳಿಯುತ್ತಿರಲಿಲ್ಲ. ನಿಧಾನವಾಗಿ ಒತ್ತುವವರ ಕೈಯಲ್ಲಿ ಯಂತ್ರ ಸಾಧುವಾಗಿತ್ತು!

ಇನ್ನೊಂದು, 2003ರ ಆಗಸ್ಟ್ 14ರದು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊ ಪ್ರಾಂತದಲ್ಲೂ ಸುಮಾರು ಐದು ಕೋಟಿ ಜನರ ಮನೆಗಳಲ್ಲಿ ಕರೆಂಟು ಹೋಯಿತು. ತಂತಿಗೆ ಮರ ತಾಗಿದ್ದು ಮೊದಲ ಕಾರಣಗಳಲ್ಲೊಂದು. ಆದರೆ ಒಹಾಯೊ ರಾಜ್ಯದ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಬೇಕಾದ ತಂತ್ರಾಂಶ ಪೈಪೋಟಿ ದೋಷಕ್ಕೆ ಸಿಕ್ಕಿ ಸದ್ದಿಲ್ಲದೆ ಸ್ತಬ್ಧವಾಗಿತ್ತು. ಗಂಟೆ ಬಾರಿಸುತ್ತಿಲ್ಲ, ಹಾಗಾದರೆ ಎಲ್ಲ ಸರಿ ಇದೆ ಎಂದು ಅಲ್ಲಿದ್ದವರು ನಂಬಿದ್ದರು.

ಮೂಲ ಪತ್ರವೇ ಕೈಗೆ ಸಿಕ್ಕರೆ?

ಇಷ್ಟು ಹೇಳಿದ್ದು ಪೀಠಿಕೆ. ಈ ದೋಷ ಎಲ್ಲಕ್ಕಿಂತ ಅಪಾಯಕಾರಿಯಾಗುವುದು ಗಣಕದ ‘ಕರ್ನೆಲ್’ನಲ್ಲಿ. ಕರ್ನೆಲ್ ಎಂದರೆ ತಿರುಳು. ಆಪರೇಟಿಂಗ್ ಸಿಸ್ಟಮ್‌ನ ಒಳಮನೆ. ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ, ಯಾರು ಯಾವುದನ್ನು ಓದಬಹುದು, ಯಾರು ಬರೆಯಬಹುದು ಎಂಬ ಹಕ್ಕುಪತ್ರವೆಲ್ಲ ಅದರ ಸುಪರ್ದಿಯಲ್ಲಿ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ, 21 ವರ್ಷದ ಲಿನುಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆಯಲು ತೊಡಗಿದ ಲಿನಕ್ಸ್ ಕರ್ನೆಲ್ ಇಂದು ಮೂರು ಕೋಟಿಗೂ ಹೆಚ್ಚು ಸಾಲುಗಳಿಗೆ ಬೆಳೆದಿದೆ. ನಮ್ಮ ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ.

ಮೆಮೊರಿಯನ್ನು ಕರ್ನೆಲ್ ಪುಟಗಳಾಗಿ ವಿಂಗಡಿಸುತ್ತದೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ಹತ್ತು ಪ್ರೋಗ್ರಾಂಗಳು ಒಂದೇ ಕಡತವನ್ನು ಓದುತ್ತಿದ್ದರೆ ಹತ್ತು ನಕಲು ಮಾಡುವುದು ದಂಡ. ಅದಕ್ಕೆ ಕರ್ನೆಲ್ ಒಂದೇ ಪುಟವನ್ನು ಹತ್ತು ಜನಕ್ಕೂ ತೋರಿಸುತ್ತದೆ. ಯಾರಾದರೂ ಬರೆಯಲು ಹೊರಟಾಗ ಮಾತ್ರ ಅವರ ಪಾಲಿಗೊಂದು ನಕಲು ತೆಗೆದು ಕೊಡುತ್ತದೆ. ‘ಬರೆದಾಗಲೇ ನಕಲು’ ಎಂಬ ಈ ಮಿತವ್ಯಯದ ಜಾಣತನಕ್ಕೆ ಇಂಗ್ಲಿಷಿನ ಮೂರು ಮೊದಲಕ್ಷರ ಜೋಡಿಸಿದರೆ ‘ಕೌ’, ಅಂದರೆ ಹಸು ಎಂದಾಗುತ್ತದೆ. 2016ರಲ್ಲಿ ಬಯಲಿಗೆ ಬಂದ ‘ಡರ್ಟಿ ಕೌ’, ಕೊಳಕು ಹಸು ಎಂಬ ವಿಚಿತ್ರ ಹೆಸರಿನ ದೋಷದ ಮೂಲ ಇದು. ಬರೆಯಲ್ಪಟ್ಟ ಪುಟಕ್ಕೆ ‘ಕೊಳೆಯಾದ ಪುಟ’ ಎನ್ನುವುದು ಆ ವಲಯದ ರೂಢಿ.

ಏನಾಗುತ್ತಿತ್ತು? ಕಚೇರಿಯೊಂದನ್ನು ಕಲ್ಪಿಸಿಕೊಳ್ಳಿ. ಕಪಾಟಿನಲ್ಲಿ ಜಮೀನಿನ ಮೂಲ ದಫ್ತರವಿದೆ. ಯಾರು ಬೇಕಾದರೂ ಓದಬಹುದು, ಯಾರೂ ಗೀಚುವಂತಿಲ್ಲ. ಒಬ್ಬ ಬಂದು, “ನಾನು ಇದರ ಮೇಲೆ ಪೆನ್ನಾಡಿಸಬೇಕು” ಎನ್ನುತ್ತಾನೆ. ಗುಮಾಸ್ತ ಚೀಟಿಯ ಮೇಲೆ ‘ಬರೆಯಲಿಕ್ಕಿದೆ’ ಎಂದು ಗುರುತು ಹಾಕಿಕೊಂಡು, ನಿಯಮದಂತೆ ಒಂದು ಜೆರಾಕ್ಸ್ ತೆಗೆದು ಮೇಜಿನ ಮೇಲಿಡುತ್ತಾನೆ. ನಕಲು ತೆಗೆದದ್ದಾಯಿತು, ಇನ್ನು ಆ ಪ್ರಶ್ನೆ ಏಳುವುದಿಲ್ಲವೆಂದು ಚೀಟಿಯ ಮೇಲಿನ ಗುರುತನ್ನು ಅಳಿಸಿ, ಕಾಗದ ಕೊಡಲು ಮೇಜಿನತ್ತ ತಿರುಗುತ್ತಾನೆ. ಆ ಅರೆಕ್ಷಣದಲ್ಲಿ ಬಂದವನ ಜೊತೆಗಾರ ಮೇಜಿನ ಮೇಲಿನ ಜೆರಾಕ್ಸನ್ನು ಹರಿದು ಬುಟ್ಟಿಗೆ ಹಾಕಿರುತ್ತಾನೆ. ಅದು ಅವರದೇ ನಕಲು, ಹರಿಯಲು ಅವರಿಗೆ ಹಕ್ಕಿದೆ. ಗುಮಾಸ್ತ ನೋಡುತ್ತಾನೆ: ಮೇಜು ಖಾಲಿ. ಚೀಟಿ ನೋಡುತ್ತಾನೆ: ‘ಬರೆಯಲಿಕ್ಕಿದೆ’ ಎಂಬ ಗುರುತಿಲ್ಲ. ಓಹೋ, ಬರೀ ಓದುವವನು ಎಂದುಕೊಂಡು ಕಪಾಟಿನಿಂದ ಮೂಲ ದಫ್ತರವನ್ನೇ ತೆಗೆದು, ಪೆನ್ನು ಹಿಡಿದು ನಿಂತವನ ಕೈಗೆ ಕೊಟ್ಟುಬಿಡುತ್ತಾನೆ!

ಡರ್ಟಿ ಕೌ ಎಂದರೆ ಇಷ್ಟೇ. ಒಂದು ಎಳೆ ಬರೆಯಲು ಯತ್ನಿಸುತ್ತಲೇ ಇರುತ್ತದೆ, ಇನ್ನೊಂದು ಎಳೆ ನಕಲನ್ನು ಎಸೆಯುತ್ತಲೇ ಇರುತ್ತದೆ. ಮನುಷ್ಯರಿಗಾದರೆ ಇಂಥ ಕ್ಷಣ ಸಿಗಲು ಜನ್ಮವೆಲ್ಲ ಕಾಯಬೇಕಾದೀತು. ಗಣಕ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಯತ್ನಿಸಬಲ್ಲದು. ಒಂದು ಸಲ ಗುರಿ ತಾಗಿದರೆ ಸಾಕು. ಯಜಮಾನನ ಹೊರತು ಯಾರೂ ತಿದ್ದಬಾರದ ಕಡತವನ್ನು ತಿದ್ದಿ, ಸಾಮಾನ್ಯ ಬಳಕೆದಾರನೊಬ್ಬ ಇಡೀ ಗಣಕದ ಯಜಮಾನನಾಗಬಹುದಿತ್ತು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಕಾಲಗಣನೆ. ಟೋರ್ವಾಲ್ಡ್ಸ್ 2005ರಲ್ಲೇ ಇದನ್ನು ಕಂಡು ದುರಸ್ತಿ ಮಾಡಿದ್ದರು. ಆ ದುರಸ್ತಿ ಐ.ಬಿ.ಎಂ.ನ ದೊಡ್ಡ ಗಣಕಗಳಲ್ಲಿ ಬೇರೆ ತೊಂದರೆ ತಂದದ್ದರಿಂದ ಅದನ್ನು ತೆಗೆಯಲಾಯಿತು. 2007ರ ಹೊತ್ತಿಗೆ ಕಿಂಡಿ ಪೂರ್ತಿ ತೆರೆದುಕೊಂಡಿತ್ತು. ಆ ದಿನಗಳಲ್ಲಿ ಅದು ಕೇವಲ ತಾತ್ತ್ವಿಕ ಅಪಾಯವೆಂದೇ ಎಣಿಕೆ. 2016ರಲ್ಲಿ ಫಿಲ್ ಓಸ್ಟರ್ ಎಂಬ ತಂತ್ರಜ್ಞ, ತನ್ನ ಸರ್ವರ್‌ಗೆ ಹೊರಗಿನಿಂದ ಬಂದುದೆಲ್ಲವನ್ನೂ ದಾಖಲಿಸಿಡುವ ಅಭ್ಯಾಸದಿಂದಾಗಿ, ದಾಳಿಕೋರರು ಇದನ್ನು ಆಗಲೇ ಬಳಸುತ್ತಿದ್ದುದನ್ನು ಸಾಕ್ಷಿ ಸಮೇತ ಹಿಡಿದ. ಅದೇ ಅಕ್ಟೋಬರಿನಲ್ಲಿ ದುರಸ್ತಿ ಹೊರಬಂತು. ಟೋರ್ವಾಲ್ಡ್ಸ್ ಅದರ ಜೊತೆಗಿನ ಟಿಪ್ಪಣಿಯಲ್ಲಿ, ಹನ್ನೊಂದು ವರ್ಷಗಳ ಹಿಂದೆ ತಾನೇ ಇದನ್ನು ಕೆಟ್ಟದಾಗಿ ದುರಸ್ತಿ ಮಾಡಿದ್ದೆನೆಂದು ಮುಚ್ಚುಮರೆಯಿಲ್ಲದೆ ಬರೆದರು. ನಮ್ಮಲ್ಲಿ ಎಷ್ಟು ಮಂದಿ ಹಿರಿಯರು ಹಾಗೆ ಬರೆದಾರು?

ದುರಸ್ತಿಯೋ, ಅರ್ಧ ಪುಟಕ್ಕೂ ಕಡಿಮೆ. ಗುಮಾಸ್ತ ‘ಬರೆಯಲಿಕ್ಕಿದೆ’ ಎಂಬ ಗುರುತನ್ನು ಅಳಿಸಕೂಡದು. ಅದರ ಪಕ್ಕದಲ್ಲಿ ‘ನಕಲು ತೆಗೆದಿದ್ದೇನೆ’ ಎಂದು ಇನ್ನೊಂದು ಗುರುತು ಹಾಕಬೇಕು. ಮತ್ತು ಕಾಗದ ಕೊಡುವ ಮುನ್ನ ಅದು ನಿಜಕ್ಕೂ ಆ ನಕಲೇ ಹೌದೇ ಎಂದು ತಿರುಗಿಸಿ ನೋಡಬೇಕು.

ಇಲ್ಲಿಗೆ ಮುಗಿಯಿತೇ? ಇಲ್ಲ. ಗಣಕದಲ್ಲಿ ಸಣ್ಣ ಪುಟಗಳಲ್ಲದೆ ದೊಡ್ಡ ಪುಟಗಳೂ ಉಂಟು. ಅವುಗಳ ವಿಷಯದಲ್ಲಿ ಈ ದುರಸ್ತಿಗೆ ತೂತಿದೆಯೆಂದು 2017ರ ನವೆಂಬರಿನಲ್ಲಿ ತಿಳಿಯಿತು. 2022ರಲ್ಲಿ ರೆಡ್ ಹ್ಯಾಟ್ ಕಂಪನಿಯ ಡೇವಿಡ್ ಹಿಲ್ಡೆನ್‌ಬ್ರಾಂಡ್ ಮತ್ತೊಂದು ಮಗ್ಗುಲಿನಿಂದ ಅದೇ ಹಸು ಒಳಬರುವುದನ್ನು ಕಂಡು, ‘ನಕಲು ತೆಗೆದಿದ್ದೇನೆ’ ಎಂಬ ಗುರುತನ್ನೇ ಕಿತ್ತುಹಾಕಿ ಬೇರೆ ರೀತಿಯಲ್ಲಿ ಪರೀಕ್ಷಿಸುವ ಏರ್ಪಾಡು ಮಾಡಿದರು.

“ಹಂಗಾರ ನನ್ನ ಫೋನಿನ್ಯಾಗೂ ಈ ಹಸು ಐತೇನ್ರಿ?” ಎಂದರು ಬೀಗರು. ಪ್ರಶ್ನೆ ತಮಾಷೆಯದಲ್ಲ. 2017ರ ಸೆಪ್ಟೆಂಬರಿನಲ್ಲಿ ಟ್ರೆಂಡ್ ಮೈಕ್ರೊ ಸಂಸ್ಥೆ ಇದೇ ದೋಷವನ್ನು ಬಳಸಿ ಆಂಡ್ರಾಯ್ಡ್ ಫೋನುಗಳನ್ನು ವಶಪಡಿಸಿಕೊಳ್ಳುವ ‘ಜ್ನಿಯು’ ಎಂಬ ಕುತಂತ್ರಾಂಶವನ್ನು ಪತ್ತೆ ಮಾಡಿತು. 40ಕ್ಕೂ ಹೆಚ್ಚು ದೇಶಗಳಲ್ಲಿ ಅದು ಕಂಡುಬಂದಿತ್ತು. ಬಲಿಯಾದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಆಂಡ್ರಾಯ್ಡ್‌ಗೆ ದುರಸ್ತಿ 2016ರ ಡಿಸೆಂಬರಿನಲ್ಲೇ ಬಂದಿತ್ತು. ಆದರೆ ದುರಸ್ತಿ ಬರುವುದು ಬೇರೆ, ಅದು ನಮ್ಮ ಕೈಯಲ್ಲಿನ ಫೋನಿಗೆ ತಲುಪುವುದು ಬೇರೆ. ಮಗ ಹೊಸ ಫೋನು ಕೊಂಡಾಗ ಹಳೆಯದು ಅಪ್ಪನಿಗೆ, ಅಲ್ಲಿಂದ ಅಜ್ಜಿಗೆ ಇಳಿಯುತ್ತದೆ. ತಯಾರಕರು ಆ ಮಾದರಿಯನ್ನು ಮರೆತು ವರ್ಷಗಳಾಗಿರುತ್ತವೆ. ಮೆಣಸಿನಕಾಯಿಯ ಹಣ ಬಂತೇ ಎಂದು ನೋಡುವುದು ಆ ಫೋನಿನಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ತೆರೆದರೆ ಕೊನೆಯ ಭದ್ರತಾ ನವೀಕರಣದ ದಿನಾಂಕ ಸಿಗುತ್ತದೆ. ಬೀಗರ ಫೋನಿನಲ್ಲಿ ಅದು ಮೂರು ವರ್ಷ ಹಿಂದಿನದು. ಕೊಳಕು ಹಸು ಅಲ್ಲಿರಲಿಲ್ಲ, ಆದರೆ ಆ ಮೂರು ವರ್ಷಗಳಲ್ಲಿ ಪತ್ತೆಯಾದ ಉಳಿದ ಕಿಂಡಿಗಳೆಲ್ಲ ತೆರೆದೇ ಇದ್ದವು.

ಕೀಲಿ ಹಾಕಿದರೆ ಮುಗಿಯಿತೇ?

ಪೈಪೋಟಿ ದೋಷಕ್ಕೆ ಸುಲಭದ ಮದ್ದು ಬೀಗ. ಬೀಗರೆದುರು ಬೀಗದ ಮಾತು ಆಡುವುದು ಸ್ವಲ್ಪ ಇಕ್ಕಟ್ಟು. ಅವರ ಸೀಮೆಯಂತೆ ಕೀಲಿ ಎನ್ನೋಣ. ಹಲಗೆಯ ಪಕ್ಕ ಒಂದೇ ಒಂದು ಕೀಲಿಕೈ ತೂಗುಹಾಕಿ. ಅದು ಕೈಯಲ್ಲಿದ್ದವನು ಮಾತ್ರ ಹಲಗೆ ನೋಡಬೇಕು, ಕೂಡಿಸಬೇಕು, ಬರೆಯಬೇಕು. ಆಮೇಲೆ ಅದನ್ನು ಅಲ್ಲೇ ತೂಗುಹಾಕಬೇಕು. ಇನ್ನೊಬ್ಬ ಅಲ್ಲಿಯತನಕ ಕಾಯಬೇಕು. ಲೆಕ್ಕ ಸರಿಯಾಗುತ್ತದೆ, ಆದರೆ ಎಂಟು ಗುಮಾಸ್ತರಿದ್ದರೆ ಏಳು ಮಂದಿ ಸಾಲಿನಲ್ಲಿ ನಿಂತಿರುತ್ತಾರೆ. ಇನ್ನು ಎರಡು ಹಲಗೆ, ಎರಡು ಕೀಲಿಕೈ ಇದ್ದು, ಇವನು ಒಂದನ್ನು ಹಿಡಿದು ಅವನ ಕೈಯದಕ್ಕೆ, ಅವನು ಇವನ ಕೈಯದಕ್ಕೆ ಕಾಯತೊಡಗಿದರೆ ಪೇಟೆಯೇ ನಿಂತಿತು. ಸಂಜೆಯಾದರೂ ಇಬ್ಬರೂ ಕದಲುವುದಿಲ್ಲ.

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂನ ಇಡೀ ಮೆಮೊರಿ ನಕ್ಷೆಗೆ ಬಹುಕಾಲ ಒಂದೇ ಕೀಲಿ ಇತ್ತು. ಹೊಲಕ್ಕೆಲ್ಲ ಒಂದೇ ಗೇಟು ಇದ್ದಂತೆ: ಮೂಲೆಯ ಬದುವಿನಲ್ಲಿ ಹುಲ್ಲು ಕೊಯ್ಯುವವನೂ ಅಲ್ಲೇ ಸರದಿ ನಿಲ್ಲಬೇಕು. ಅದನ್ನು ಬದುವಿಗೊಂದರಂತೆ ಬಿಡಿಸುವ ಕೆಲಸ ಕರ್ನೆಲ್‌ಗೆ ಸೇರಿದ್ದು 2023ರಲ್ಲಿ. ಅಷ್ಟು ತಡವಾಗಲು ಕಾರಣ ಸೋಮಾರಿತನವಲ್ಲ. ಒಂದು ಗೇಟು ತೆಗೆದು ಹತ್ತು ಗೇಟು ಹಾಕಿದರೆ ಹೊಸ ಪೈಪೋಟಿಗೆ ಹತ್ತು ಅವಕಾಶ.

ಬೆಂಗಳೂರಿನ ಕೊಡುಗೆ ಕಾಣಿಸುವುದು ಇಲ್ಲಿ. ಓದುವವರು ಲಕ್ಷ, ಬರೆಯುವವರು ಒಬ್ಬರೋ ಇಬ್ಬರೋ ಆಗಿದ್ದರೆ ಓದುವವರಿಗೆ ಕೀಲಿ ಯಾಕೆ ಬೇಕು? ಪೇಟೆಯ ದರದ ಹಲಗೆಯನ್ನೇ ನೋಡಿ. ಜನ ಓದುತ್ತಿರುವಾಗ ಅಳಿಸಿ ಬರೆದರೆ ಗೊಂದಲ. ಅದರ ಬದಲು ಒಳಗೆ ಕುಳಿತು ಹೊಸ ಹಲಗೆಯ ಮೇಲೆ ಹೊಸ ದರ ಬರೆಯಿರಿ. ಒಂದೇ ಏಟಿಗೆ ಅದನ್ನು ಮೊಳೆಗೆ ತೂಗುಹಾಕಿ. ಹಳೆಯ ಹಲಗೆಯನ್ನು ಕೂಡಲೇ ಒಡೆಯಬೇಡಿ. ಅದನ್ನು ನೋಡುತ್ತ ನಿಂತವರು ನೋಡಿ ಮುಗಿಸಿ ಹೋಗುವತನಕ ಪಕ್ಕದಲ್ಲಿಟ್ಟು, ಕೊನೆಯವನು ಹೋದ ಮೇಲೆ ವಿಲೇವಾರಿ ಮಾಡಿ. ಓದುವವರು ಯಾರನ್ನೂ ಕಾಯಬೇಕಿಲ್ಲ. ‘ಓದು–ನಕಲು–ನವೀಕರಣ’ ಎಂಬರ್ಥದ ಈ ವಿಧಾನಕ್ಕೆ ಆರ್‌ಸಿಯು ಎಂದು ಹೆಸರು.

ಅಮೆರಿಕದ ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮುಂತಾದವರು ರೂಪಿಸಿದ ಕಲ್ಪನೆ ಇದು. 1999ರಲ್ಲಿ ಐ.ಬಿ.ಎಂ. ಆ ಕಂಪನಿಯನ್ನು ಕೊಂಡಿತು. ಅದನ್ನು ಲಿನಕ್ಸ್‌ಗೆ ಒಗ್ಗಿಸಿ ಕರ್ನೆಲ್‌ಗೆ ಸೇರುವಂತೆ ಮಾಡಿದ್ದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಐ.ಬಿ.ಎಂ. ಪ್ರಯೋಗಾಲಯದ ದೀಪಂಕರ್ ಶರ್ಮಾ ಅವರದು. 2002ರ ಅಕ್ಟೋಬರಿನಲ್ಲಿ ಅವರ ಆವೃತ್ತಿ ಸ್ವೀಕೃತವಾಯಿತು. ಅವರ ಸಹೋದ್ಯೋಗಿ ಮನೀಶ್ ಸೋನಿ ಮತ್ತು ಅವರು ಸೇರಿ ಕಡತಗಳ ಹೆಸರು ಹುಡುಕುವ ಭಾಗಕ್ಕೆ ಅದನ್ನು ಅಳವಡಿಸಿದರು. ಫೋನಿನಲ್ಲಿ ನೀವು ಒಂದು ಫೋಟೋ ತೆರೆದಾಗಲೂ ಆ ದಾರಿಯಲ್ಲೇ ಹಾದುಹೋಗುತ್ತೀರಿ. ಐಟಿ ಎಂದರೆ ಬೆಂಗಳೂರಿನಲ್ಲಿ ಪರದೇಶದವರ ಲೆಕ್ಕ ಬರೆದುಕೊಡುವುದು ಎಂಬ ಮಾತು ಜೋರಾಗಿದ್ದ ಕಾಲ ಅದು. 2001ರಿಂದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಗಳು ನಡೆಯತೊಡಗಿದ್ದವು. ಆದರೂ ಇಂಥ ಕೆಲಸದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಕಡಿಮೆ. ಷೇರಿನ ಬೆಲೆ ಏರಿದ ಸುದ್ದಿಗೆ ಮುಖಪುಟದಲ್ಲಿ ಜಾಗವಿರುತ್ತಿತ್ತು.

ಹಾಗೆಂದು ಆರ್‌ಸಿಯು ಸಂಜೀವಿನಿಯೇನಲ್ಲ. 2023ರ ಜೂನ್ 15ರಂದು ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ರುಯ್‌ಹಾನ್ ಲಿ ‘ಸ್ಟ್ಯಾಕ್‌ರಾಟ್’ ಎಂಬ ದೋಷವನ್ನು ವರದಿ ಮಾಡಿದರು. ಲಿನಕ್ಸ್‌ನ 6.1ನೇ ಆವೃತ್ತಿಯಲ್ಲಿ ಮೆಮೊರಿ ನಕ್ಷೆಯನ್ನು ಇಡುವ ಹಳೆಯ ಕ್ರಮ ಬಿಟ್ಟು ‘ಮೇಪಲ್ ಟ್ರೀ’ ಎಂಬ ಹೊಸ ಕ್ರಮ ತರಲಾಗಿತ್ತು. ಹಲಗೆಯ ಹೋಲಿಕೆಯಲ್ಲೇ ಹೇಳುವುದಾದರೆ: ಹಳೆಯ ಹಲಗೆ ಒಡೆಯುವವನು, ಮುಂಬಾಗಿಲಲ್ಲಿ ಚೀಟಿ ಪಡೆದು ಒಳಬಂದವರೆಲ್ಲ ಹೊರಹೋಗುವತನಕ ಕಾಯುತ್ತಾನೆ. ಆದರೆ ಹಿಂಬಾಗಿಲಲ್ಲಿ ಬೇರೆ ಬಣ್ಣದ ಚೀಟಿ ಪಡೆದು ಬಂದವರೂ ಆ ಹಲಗೆಯನ್ನೇ ಓದುತ್ತಿರುತ್ತಾರೆ. ಅವರು ಅವನ ಲೆಕ್ಕದಲ್ಲಿಲ್ಲ. ಅವರು ಓದುತ್ತಿರುವಾಗಲೇ ಹಲಗೆ ಪುಡಿಯಾಗುತ್ತದೆ. ಆ ಜಾಗದಲ್ಲಿ ಕಳ್ಳನೊಬ್ಬ ತನ್ನದೇ ಹಲಗೆ ನಿಲ್ಲಿಸಿದರೆ ಅವರು ಅದನ್ನೇ ನಂಬುತ್ತಾರೆ. ಪ್ರೋಗ್ರಾಂನ ‘ಸ್ಟ್ಯಾಕ್’ ಎಂಬ ಮೆಮೊರಿ ಭಾಗ ತಾನಾಗಿ ಬೆಳೆಯುವಾಗ ಇದು ಆಗುತ್ತಿತ್ತು. ಬೆಳೆಯುವುದೆಂದರೆ ನಕ್ಷೆ ತಿದ್ದುವುದು. ಆದರೆ ಕೈಯಲ್ಲಿದ್ದುದು ಓದುವವರ ಕೀಲಿಕೈ. ಟೋರ್ವಾಲ್ಡ್ಸ್ ಮುಂದೆ ನಿಂತು ಎರಡು ವಾರ ದುರಸ್ತಿ ನಡೆಸಿದರು. ಸ್ಟ್ಯಾಕ್ ಬೆಳೆಸಬೇಕಾದರೆ ಬರೆಯುವವರ ಕೀಲಿಕೈಯನ್ನೇ ಹಿಡಿಯಬೇಕೆಂದು ನಿಯಮವಾಯಿತು. ಜುಲೈ 1ರಂದು ದುರಸ್ತಿಯಾದ ಆವೃತ್ತಿಗಳು ಬಿಡುಗಡೆಯಾದವು. ಹೇಳಲು ಒಂದು ಸಾಲು. ಮಾಡಲು ಹತ್ತಾರು ಬಗೆಯ ಸಂಸ್ಕಾರಕಗಳ ಕೋಡುಗಳಲ್ಲಿ ಒಂದೊಂದು ಕಡೆಯೂ ಹುಡುಕಿ ತಿದ್ದಬೇಕಾಯಿತು.

ಕಾದು ಕುಳಿತು ಹಿಡಿಯುವ ಕಲೆ

ಸಾವಿರದಲ್ಲೊಮ್ಮೆ, ಕೋಟಿಯಲ್ಲೊಮ್ಮೆ ಕಾಣಿಸಿಕೊಳ್ಳುವ ದೋಷವನ್ನು ಹಿಡಿಯುವುದು ಹೇಗೆ? ವೇಗ ತಗ್ಗಿಸಿ, ಎಂಬುದು ಒಂದು ಉತ್ತರ. ಗುಮಾಸ್ತ ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಬೇಕೆಂದೇ ಒಂದಿಷ್ಟು ತಡಮಾಡಿಸಿದರೆ ಇನ್ನೊಬ್ಬ ನುಗ್ಗಲು ಅವಕಾಶ ಹೆಚ್ಚುತ್ತದೆ. 2020ರಲ್ಲಿ ಲಿನಕ್ಸ್‌ಗೆ ಸೇರಿದ ಕೆಸಿಸ್ಯಾನ್ ಎಂಬ ಸಾಧನ ಮಾಡುವುದು ಇದನ್ನೇ. ಆಗೊಮ್ಮೆ ಈಗೊಮ್ಮೆ ಮೆಮೊರಿಯ ಒಂದು ಜಾಗದಲ್ಲಿ ಹೊಂಚು ಹಾಕಿ, ಕೆಲಸ ಮಾಡುವವನನ್ನು ತುಸು ನಿಲ್ಲಿಸಿ, ಆ ಹೊತ್ತಿನಲ್ಲಿ ಬೇರೆ ಯಾರಾದರೂ ಅದೇ ಜಾಗ ಮುಟ್ಟಿದರೆ ಇಬ್ಬರ ಹೆಸರನ್ನೂ ಬರೆದಿಡುತ್ತದೆ. 2006ರಲ್ಲಿ ಇಂಗೊ ಮೊಲ್ನಾರ್ ತಂದ ಲಾಕ್‌ಡೆಪ್ ಇನ್ನೂ ಚತುರ. ಯಾವ ಕೀಲಿಯ ನಂತರ ಯಾವ ಕೀಲಿ ಹಿಡಿದಿರಿ ಎಂಬುದನ್ನು ನೆನಪಿಟ್ಟುಕೊಂಡು, ಇಬ್ಬರೂ ಎದುರುಬದುರಾಗಿ ಸಿಕ್ಕಿಬೀಳುವ ಮೊದಲೇ ಅಂಥ ಸಂಭವವಿದೆಯೆಂದು ಕೂಗಿ ಹೇಳುತ್ತದೆ.

ಆದರೆ ಸಾಧನ ತೋರಿಸುವುದು ಸ್ಥಳವನ್ನು ಮಾತ್ರ. ಕಾರಣ ಹುಡುಕುವವನು ಕಾಗದ ಪೆನ್ಸಿಲು ಹಿಡಿದು ಎರಡು ಕಂಬಸಾಲು ಗೀಚಿ, ಎಡಗಡೆ ಈ ಎಳೆಯ ಹೆಜ್ಜೆ, ಬಲಗಡೆ ಆ ಎಳೆಯ ಹೆಜ್ಜೆ ಬರೆದು, ಯಾವುದರ ಮುಂದೆ ಯಾವುದು ಬಂದರೆ ಅನರ್ಥ ಎಂದು ಒಂದೊಂದೇ ಜೋಡಿಸಿ ನೋಡಬೇಕು. ಕರ್ನೆಲ್ ದುರಸ್ತಿಯ ಟಿಪ್ಪಣಿಗಳಲ್ಲಿ ಇಂದಿಗೂ ಇಂಥ ಎರಡು ಕಂಬಸಾಲುಗಳ ಚಿತ್ರ ಇರುತ್ತದೆ. ವಿದ್ಯಾರ್ಥಿಗಳು ಇದನ್ನು ಅಭ್ಯಾಸ ಮಾಡಬೇಕು. ಪರೀಕ್ಷೆಯಲ್ಲಿ ‘ರೇಸ್ ಕಂಡಿಷನ್ ಎಂದರೇನು, ಐದು ಅಂಕ’ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಬರೆದವರಿಗೆ ಆ ಚಿತ್ರ ಬಿಡಿಸಲು ಬರುವುದಿಲ್ಲವೆಂಬುದು ನನ್ನ ಅನುಭವ.

ಲಿನಕ್ಸ್‌ನ ಮೆಮೊರಿ ನಿರ್ವಹಣೆಯ ವಿಭಾಗವೊಂದೇ ಲಕ್ಷಕ್ಕೂ ಹೆಚ್ಚು ಸಾಲು. ಹೆದರಬೇಕಿಲ್ಲ, ಎಲ್ಲವನ್ನೂ ಓದುವವರು ಯಾರೂ ಇಲ್ಲ. ಸಾಧಾರಣ ಲ್ಯಾಪ್‌ಟಾಪಿನಲ್ಲೇ ‘ವರ್ಚುವಲ್ ಯಂತ್ರ’ವೊಂದನ್ನು ತೆರೆದು ಅದರೊಳಗೆ ಕರ್ನೆಲ್ ಓಡಿಸಿ, ಕೆಡಿಸಿ, ಮತ್ತೆ ಓಡಿಸಿ ನೋಡಬಹುದು, ಯಂತ್ರಕ್ಕೇನೂ ಆಗದು. ಇಡೀ ಕೋಡು ಯಾರಿಗೂ ಮುಕ್ತ, ಖರ್ಚಿಲ್ಲ. ದುರಸ್ತಿ ಕಳಿಸಿದರೆ ಯಾವ ಕಾಲೇಜು, ಎಷ್ಟು ಪರ್ಸೆಂಟು ಎಂದು ಯಾರೂ ಕೇಳುವುದಿಲ್ಲ. ದೋಷ ಮತ್ತೆ ಮಾಡಿ ತೋರಿಸು, ನಿನ್ನ ತಿದ್ದುಪಡಿ ಬೇರೆಲ್ಲೂ ಮುರಿಯುವುದಿಲ್ಲವೆಂದು ಹೇಗೆ ಹೇಳುತ್ತೀ ಎಂದು ಕೇಳುತ್ತಾರೆ, ಕೆಲವೊಮ್ಮೆ ಒರಟಾಗಿಯೇ. ಒಪ್ಪಿತವಾದರೆ ಕಳಿಸಿದವರ ಹೆಸರಿನ ಸಹಿ ಇತಿಹಾಸದಲ್ಲಿ ಉಳಿಯುತ್ತದೆ.

“ನೌಕರಿ ಸಿಗತೈತೇನ್ರಿ ಇದರಾಗ?” ಎಂದು ಬೀಗರು ಕೇಳಿಯೇ ಕೇಳಿದರು. ಸುಳ್ಳು ಹೇಳಲಿಲ್ಲ. ವೆಬ್‌ಸೈಟು ಮಾಡುವವರಿಗೆ ಇರುವಷ್ಟು ಜಾಗ ಇಲ್ಲಿಲ್ಲ. ಚಿಪ್ಪು, ಫೋನು, ದೊಡ್ಡ ಸರ್ವರ್‌ಗಳ ಕಂಪನಿಗಳಿಗೆ ಇಂಥವರು ಬೇಕು, ಬೆಂಗಳೂರಿನಲ್ಲೂ ಬೇಕು. ಆದರೆ ತಯಾರಾಗಲು ಸಮಯ ಹಿಡಿಯುತ್ತದೆ, ಮತ್ತು ಮೊದಲ ಎರಡು ವರ್ಷ ಮಗ ಏನು ಮಾಡುತ್ತಿದ್ದಾನೆಂದು ಮನೆಯವರಿಗೆ ತಿಳಿಯುವುದೇ ಇಲ್ಲ. ಅಷ್ಟು ಕಾಲ ಕೇಳದೆ ಇರುವುದು ತಂದೆ ತಾಯಿಗೆ ಕಷ್ಟದ ಕೆಲಸವೆಂದು ನನಗೂ ಗೊತ್ತು.

ಹುಡುಗ ಅಷ್ಟರಲ್ಲಿ ತನ್ನ ಪ್ರೋಗ್ರಾಂಗೆ ಕೀಲಿ ಹಾಕಿದ್ದ. ಎರಡು ಸಾಲು ಹೆಚ್ಚಾಗಿತ್ತು, ಓಟ ನಿಧಾನವಾಗಿತ್ತು, ಉತ್ತರ ಸರಿಯಾಗಿ 2,00,000. ನಂಬಿಕೆ ಸಾಲದೆ ಸಾವಿರ ಸಲ ಓಡಿಸುವಂತೆ ಬರೆದಿಟ್ಟು ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಸಾವಿರ ಸಲವೂ ಎರಡು ಲಕ್ಷವೇ. ಅಂದು ಸೋಮವಾರ, ಬ್ಯಾಡಗಿ ಪೇಟೆಯ ದಿನ. ಬೀಗರು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ಪರದೆಯತ್ತ ಬಗ್ಗಿ ನೋಡಿದರು.

“ಸಾವಿರ ಸಲ ಸರಿ ಬಂತು, ಖರೆ. ಸಾವಿರದ ಒಂದನೇ ಸಲಕ್ಕ ಏನಂತೀಯೋ ತಮ್ಮಾ?”

ಹುಡುಗ ಕಾಗದ ತೆಗೆದುಕೊಂಡು ಎರಡು ಕಂಬಸಾಲು ಗೀಚತೊಡಗಿದ.